ಡೆಕಮೆರಾನ್‌ನ ಪೋಲಿ ಕಥೆಗಳನ್ನು ತೆರೆಗೆ ತರುವುದು: ಪುಸ್ತಕದಿಂದ ಎಡಿಟಿಂಗ್ ಟೇಬಲ್‌ವರೆಗೆ

ಗಂಡನನ್ನು ಗುಡಾಣದೊಳಗೆ ಇಳಿಸಿ, ಹೊರಗೆ ಪ್ರಿಯಕರನ ಜೊತೆ ಕೆಲಸ ಮುಗಿಸಿಕೊಳ್ಳುವ ಹೆಂಡತಿ. ಕಿವುಡ ಮೂಗನ ಹಾಗೆ ನಟಿಸಿ ಸನ್ಯಾಸಿನಿಯರ ಮಠದಲ್ಲಿ ತೋಟದ ಆಳಾಗಿ ಸೇರುವ ಹುಡುಗ. ಸೆಕೆ ಅಂತ ನೆಪ ಹೇಳಿ, ನೈಟಿಂಗೇಲ್ ಹಕ್ಕಿಯ ಹಾಡು ಕೇಳುತ್ತಾ ಬಿಸಿಲುಮಚ್ಚಿನಲ್ಲಿ ಮಲಗುವ ಹುಡುಗಿ. ಇಟಲಿಯ ಜೊವಾನ್ನಿ ಬೊಕಾಚೊ 1350ರ ಆಸುಪಾಸಿನಲ್ಲಿ ಬರೆದ, ಹತ್ತು ಜನ ಹತ್ತು ದಿನ, ದಿನಕ್ಕೆ ಹತ್ತರಂತೆ ಹೇಳುವ ನೂರು ಕಥೆಗಳ ಪುಸ್ತಕ ‘ಡೆಕಮೆರಾನ್’ ಅಂದರೆ ಜನ ನೆನಪಿಸಿಕೊಳ್ಳುವುದು ಇಂಥ ಕಥೆಗಳನ್ನೇ.

ಇವನ್ನು ಸಿನಿಮಾ ಮಾಡುವುದು ಸುಲಭ ಅನ್ನಿಸುತ್ತದೆ. ಕಥೆ ಸಿದ್ಧವಿದೆ, ಹಾಸ್ಯ ಸಿದ್ಧವಿದೆ, ಜನ ಬರೋದಂತೂ ಗ್ಯಾರಂಟಿ. 1970ರ ದಶಕದ ಇಟಲಿಯಲ್ಲಿ ಹೀಗೆ ಅಂದುಕೊಂಡು ಡಜನ್‌ಗಟ್ಟಲೆ ಅಗ್ಗದ ಚಿತ್ರ ತೆಗೆದರು. ಇವತ್ತು ಅವನ್ನು ಕೇಳುವವರು ಕಡಿಮೆ. ಆ ಗುಂಪಿಗೆ ದಾರಿ ತೋರಿಸಿದ, 1971ರಲ್ಲಿ ಬಂದ ಪಿಯೆರ್ ಪಾವೊಲೊ ಪಸೋಲಿನಿಯ ‘ಡೆಕಮೆರಾನ್’ ಚಿತ್ರವನ್ನು ಮಾತ್ರ ಇನ್ನೂ ನೋಡುತ್ತಾರೆ. ಎರಡರಲ್ಲೂ ಬೆತ್ತಲೆ ಇದೆ, ಎರಡರಲ್ಲೂ ಪಾದ್ರಿಗಳು ಎಡವುತ್ತಾರೆ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಒಂದೇ ಕಡೆ: ಕಥೆಯನ್ನು ಯಾರು ಹೇಳುತ್ತಿದ್ದಾರೆ, ಈಗ ಯಾಕೆ ಹೇಳುತ್ತಿದ್ದಾರೆ ಅನ್ನುವ ಪ್ರಶ್ನೆಗೆ ಪಸೋಲಿನಿ ಹತ್ತಿರ ಉತ್ತರ ಇತ್ತು. ಉಳಿದವರು ಆ ಪ್ರಶ್ನೆಯನ್ನೇ ಕೇಳಿಕೊಳ್ಳಲಿಲ್ಲ.

ಈ ಬರಹ ಕಿರುಚಿತ್ರವೋ ಪೂರ್ಣ ಚಿತ್ರವೋ ಮಾಡಲು ಹೊರಟವರಿಗೆ. ಸಿನಿಮಾ ಮಾಡದೆ ಬರೀ ನೋಡುವವರಿಗೂ ನಡೆಯುತ್ತದೆ.

1. ಮೊದಲು ಸರಿಯಾದ ಪುಸ್ತಕ ಹಿಡಿಯಿರಿ

ಬೊಕಾಚೊ ತೀರಿಕೊಂಡದ್ದು 1375ರಲ್ಲಿ. ಅವನ ಕಥೆಗೆ ಯಾರ ಹಕ್ಕೂ ಇಲ್ಲ. ಆದರೆ ಅನುವಾದಕ್ಕೆ ಹಕ್ಕು ಇರುತ್ತದೆ. ಭಾರತದಲ್ಲಿ ಅನುವಾದಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಅದು ಅವರ ವಾರಸುದಾರರದ್ದು. ಹೊಸ ಇಂಗ್ಲಿಷ್ ಅನುವಾದದಿಂದ ಸಂಭಾಷಣೆ ಎತ್ತಿಕೊಂಡರೆ ಮುಂದೆ ತಲೆನೋವು. ಹಳೆಯ ಅನುವಾದವನ್ನು, ಅಂದರೆ 1903ರ ರಿಗ್ ಅನುವಾದದಂಥದ್ದನ್ನು, ಧೈರ್ಯವಾಗಿ ಬಳಸಬಹುದು.

ಆದರೆ ಹಳೆಯ ಅನುವಾದದ್ದೇ ಒಂದು ಸಮಸ್ಯೆ ಇದೆ. ಎಲ್ಲಿ ಬೇಕೋ ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತವೆ. ರಿಗ್ ಮೂರನೇ ದಿನದ ಹತ್ತನೇ ಕಥೆಯ ಮುಖ್ಯ ಭಾಗವನ್ನು ಇಂಗ್ಲಿಷಿಗೆ ತರದೆ ಇಟಾಲಿಯನ್‌ನಲ್ಲೇ ಬಿಟ್ಟುಬಿಟ್ಟರು. ಹಾಗಾಗಿ ಓದುವುದಕ್ಕೆ ಹೊಸ ಅನುವಾದ ಒಂದು, ಬರೆಯುವುದಕ್ಕೆ ಹಳೆಯದು ಒಂದು ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಪಸೋಲಿನಿ ಚಿತ್ರವನ್ನು ಹತ್ತು ಸಲ ನೋಡಿ ತಲೆಗೆ ಹಚ್ಚಿಕೊಂಡವರು, ಅವನೇ ಸೇರಿಸಿದ್ದನ್ನು ಬೊಕಾಚೊನದ್ದು ಅಂತ ತಿಳಿದುಬಿಡುತ್ತಾರೆ. ಪುಸ್ತಕದ ಆರನೇ ದಿನದ ಐದನೇ ಕಥೆಯಲ್ಲಿ ಬರುವುದು ಚಿತ್ರಕಾರ ಜೊತ್ತೊ. ಚಿತ್ರದಲ್ಲಿ ಬರುವುದು ಜೊತ್ತೊನ ಶಿಷ್ಯ. ಆ ಶಿಷ್ಯ ಪಸೋಲಿನಿಯ ಸೃಷ್ಟಿ, ನಿಮಗೆ ಸಿಗುವುದಿಲ್ಲ. ಅದಕ್ಕೇ ಸ್ಕ್ರಿಪ್ಟ್ ಬರೆಯುವ ತಿಂಗಳಲ್ಲಿ ಆ ಚಿತ್ರ ನೋಡಬೇಡಿ.

2. ಕಥೆ ಆರಿಸುವುದು

ನೂರು ಕಥೆ ಇವೆ. ಎಲ್ಲವೂ ಪೋಲಿ ಅಲ್ಲ. ನಾಲ್ಕನೇ ದಿನದ ವಿಷಯವೇ ದುರಂತ ಪ್ರೇಮ. ಹತ್ತನೇ ದಿನ ಉದಾರಿಗಳ ಕಥೆ. ಹೆಂಡತಿಯರು ಗಂಡಂದಿರಿಗೆ ಟೋಪಿ ಹಾಕುವ ಕಥೆಗಳಿಗೆ ಏಳನೇ ದಿನವೇ ಮೀಸಲು. ಸಿನಿಮಾದವರು ನೇರವಾಗಿ ಅಲ್ಲಿಗೇ ಓಡುತ್ತಾರೆ. ಓಡಿ, ತಪ್ಪಿಲ್ಲ. ಆದರೆ ಐದು ಕಥೆ ತೆಗೆದುಕೊಂಡರೆ ಐದೂ ಏಳನೇ ದಿನದ್ದೇ ಆಗಬಾರದು. ಮೂರನೆಯದು ಬರುವ ಹೊತ್ತಿಗೆ ಪ್ರೇಕ್ಷಕ ಆಕಳಿಸುತ್ತಾನೆ.

ಪಸೋಲಿನಿ ಲಿಸಬೆತ್ತಾಳ ಕಥೆಯನ್ನು ಯಾಕೆ ಇಟ್ಟ ಅಂತ ಯೋಚಿಸಿ. ಮೆಸ್ಸಿನಾ ಊರಿನ ಹುಡುಗಿ. ಮೂವರು ಅಣ್ಣಂದಿರು ಅವಳ ಪ್ರಿಯಕರ ಲೊರೆಂಜೊನನ್ನು ಕೊಂದು ಹೂಳುತ್ತಾರೆ. ಅವನು ಕನಸಿನಲ್ಲಿ ಬಂದು ಜಾಗ ಹೇಳುತ್ತಾನೆ. ಅವಳು ಹೋಗಿ ಅಗೆದು, ತಲೆಯನ್ನಷ್ಟೇ ತಂದು, ಕುಂಡದಲ್ಲಿಟ್ಟು ಮೇಲೆ ತುಳಸಿ ಜಾತಿಯ ಬ್ಯಾಸಿಲ್ ಗಿಡ ನೆಡುತ್ತಾಳೆ. ಇದರಲ್ಲಿ ನಗು ಎಲ್ಲಿದೆ? ಇಲ್ಲ. ಆದರೆ ಪಕ್ಕದಲ್ಲಿ ನೈಟಿಂಗೇಲ್ ಕಥೆ ಇಟ್ಟು ನೋಡಿ. ಅಲ್ಲಿಯೂ ಹುಡುಗಿ ಮನೆಯವರ ಕಣ್ಣು ತಪ್ಪಿಸಿ ಹುಡುಗನ ಜೊತೆ ಮಲಗುತ್ತಾಳೆ, ಅಲ್ಲಿಯೂ ಸಿಕ್ಕಿಬೀಳುತ್ತಾಳೆ. ಹುಡುಗ ಅನುಕೂಲಸ್ಥರ ಮನೆಯವನಾದ್ದರಿಂದ ಅಪ್ಪ ಅಲ್ಲೇ ಮದುವೆ ಮಾಡಿ ಮುಗಿಸುತ್ತಾನೆ. ಲೊರೆಂಜೊ ಬರೀ ಅಂಗಡಿಯ ಕೆಲಸಗಾರ, ಅವನಿಗೆ ಚಾಕು. ಒಂದೇ ತಪ್ಪು, ಹಣ ಇದ್ದವನಿಗೆ ಉಂಗುರ, ಇಲ್ಲದವನಿಗೆ ಗುಂಡಿ. ಎರಡೂ ಕಥೆ ಒಂದೇ ಚಿತ್ರದಲ್ಲಿದ್ದರೆ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆರಿಸುವಾಗ ನಾನು ನೋಡುವುದು ಇಷ್ಟು: ಕಥೆ ತಿರುಗುವ ಜಾಗದಲ್ಲಿ ಕೈಗೆ ಸಿಗುವ ವಸ್ತು ಒಂದು ಇದೆಯೇ? ಗುಡಾಣ, ಕುಂಡ, ಅಬ್ಬೆಸ್ (ಸನ್ಯಾಸಿನಿಯರ ಮಠದ ಮುಖ್ಯಸ್ಥೆ) ತಲೆಗೆ ಮುಸುಕು ಅಂದುಕೊಂಡು ಹಾಕಿಕೊಂಡ ಪಾದ್ರಿಯ ಚಡ್ಡಿ. ವಸ್ತು ಇದ್ದರೆ ಕ್ಯಾಮೆರಾಗೆ ಕೆಲಸ ಇದೆ. ಬರೀ ಚುರುಕು ಮಾತಿನಿಂದ ತಿರುಗುವ ಕಥೆಗಳನ್ನು (ಆರನೇ ದಿನದಲ್ಲಿ ಇಂಥವು ಜಾಸ್ತಿ) ಬಿಟ್ಟುಬಿಡಿ.

ನಮ್ಮವರಿಗೆ ಹತ್ತಿರದ್ದೊಂದು ಬೇಕು ಅಂದರೆ ನಾಲ್ಕನೇ ದಿನದ ಆರಂಭಕ್ಕೆ ಬನ್ನಿ. ಕಥೆ ಹೇಳುವವರನ್ನು ಬದಿಗೆ ಸರಿಸಿ ಬೊಕಾಚೊ ತಾನೇ ಮಾತಾಡುವ ಜಾಗ ಅದು. ಅಪ್ಪನ ಜೊತೆ ಬೆಟ್ಟದ ಮೇಲೆ, ಹೆಣ್ಣನ್ನೇ ನೋಡದೆ ಬೆಳೆದ ಹುಡುಗ ಮೊದಲ ಸಲ ಫ್ಲಾರೆನ್ಸಿಗೆ ಬರುತ್ತಾನೆ. ಹೆಂಗಸರನ್ನು ಕಂಡು ಇವು ಏನು ಅಂತ ಕೇಳುತ್ತಾನೆ. ಅಪ್ಪ ಗಾಬರಿಯಾಗಿ ಹೆಬ್ಬಾತು ಅನ್ನುತ್ತಾನೆ. ಹಾಗಾದರೆ ಒಂದನ್ನು ಮನೆಗೆ ತಗೊಂಡು ಹೋಗೋಣ, ಮೇವು ನಾನು ಹಾಕುತ್ತೇನೆ ಅನ್ನುತ್ತಾನೆ ಮಗ! ಬುದ್ಧನ ಕಥೆ ಕ್ರೈಸ್ತ ವೇಷ ತೊಟ್ಟು ಯುರೋಪಿಗೆ ಹೋದಾಗ, ಬಾರ್ಲಾಮ್ ಮತ್ತು ಜೋಸಫಾತ್ ಹೆಸರಿನಲ್ಲಿ, ಅದರೊಳಗೆ ಇಂಥದ್ದೇ ಕಥೆ ಇತ್ತು. ಶೃಂಗೇರಿ ಕಡೆಯವರಿಗೆ ಕಿಗ್ಗದ ಋಷ್ಯಶೃಂಗ ನೆನಪಾಗದೆ ಇರುವುದಿಲ್ಲ. ಹತ್ತು ನಿಮಿಷದ ಕಿರುಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. ಬೆತ್ತಲೆಯ ತಂಟೆಯೂ ಇಲ್ಲ.

3. ಚೌಕಟ್ಟು

ಪುಸ್ತಕದ ಕಥೆಗಳು ಗಾಳಿಯಲ್ಲಿ ತೇಲುವುದಿಲ್ಲ. 1348ರ ಪ್ಲೇಗ್. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಏಳು ಹುಡುಗಿಯರು ಸೇರುತ್ತಾರೆ, ಮೂವರು ಹುಡುಗರು ಜೊತೆಯಾಗುತ್ತಾರೆ. ಊರು ಬಿಟ್ಟು ಹಳ್ಳಿಯ ದೊಡ್ಡ ಮನೆಗೆ ಹೋಗಿ ದಿನಕ್ಕೆ ಹತ್ತು ಕಥೆ ಹೇಳುತ್ತಾರೆ. ಪುಸ್ತಕದ ಆರಂಭದಲ್ಲಿ ಬೊಕಾಚೊ ಪ್ಲೇಗನ್ನು ಬಣ್ಣಿಸುವ ಪುಟಗಳು ಭಯ ಹುಟ್ಟಿಸುತ್ತವೆ: ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ, ಮಕ್ಕಳನ್ನು ಬಿಟ್ಟು ಓಡುವ ತಂದೆ ತಾಯಿ, ಹಳ್ಳದಲ್ಲಿ ಪದರ ಪದರವಾಗಿ ಹೆಣ. ಇಷ್ಟು ಆದ ಮೇಲೆ ಗುಡಾಣದ ಕಥೆ. ಆ ನಗುವಿನ ಹಿಂದೆ ಸಾವು ನಿಂತಿರುತ್ತದೆ.

ಹತ್ತು ಜನ ಸುಂದರ ಯುವಕ ಯುವತಿಯರು ಹುಲ್ಲಿನ ಮೇಲೆ ಕೂತು ಕಥೆ ಹೇಳುವುದನ್ನು ತೆರೆಯ ಮೇಲೆ ಮತ್ತೆ ಮತ್ತೆ ತೋರಿಸಿದರೆ ಬೇಜಾರು. ಪೂರ್ತಿ ಕಿತ್ತು ಹಾಕಿದರೆ ಉಳಿಯುವುದು ಜೋಕುಗಳ ಸರಮಾಲೆ. ಇಲ್ಲೇ ನಿರ್ದೇಶಕನ ಬಂಡವಾಳ ಗೊತ್ತಾಗುವುದು. ಮೂರು ದಾರಿ ನೋಡೋಣ.

ತವಿಯಾನಿ ಸಹೋದರರು, ಪಾವೊಲೊ ಮತ್ತು ವಿತ್ತೊರಿಯೊ, 2015ರ ತಮ್ಮ ಚಿತ್ರದಲ್ಲಿ ಚೌಕಟ್ಟನ್ನು ಉಳಿಸಿಕೊಂಡರು. ಪ್ಲೇಗ್‌ಗೆ ಬೇಕಾದಷ್ಟು ಸಮಯ ಕೊಟ್ಟರು, ಐದೇ ಕಥೆ ಇಟ್ಟರು. ಗೌರವಾನ್ವಿತ ಚಿತ್ರ, ಕಣ್ಣಿಗೆ ಹಬ್ಬ. ಆದರೆ ಪೋಲಿತನ ಸೊರಗಿದೆ. ಚೌಕಟ್ಟು ಭಾರವಾದರೆ ಒಳಗಿನ ಕಥೆ ಜೋರಾಗಿ ನಗಲು ಹೆದರುತ್ತದೆ.

ಅಮೆರಿಕದ ಜೆಫ್ ಬೇನಾ 2017ರ ‘ದಿ ಲಿಟಲ್ ಅವರ್ಸ್’ ಚಿತ್ರದಲ್ಲಿ ಚೌಕಟ್ಟನ್ನೇ ಬಿಸಾಡಿದರು. ಮೂರನೇ ದಿನದ ಮೊದಲ ಎರಡು ಕಥೆ ಬೆಸೆದು, ಮಠದ ಸನ್ಯಾಸಿನಿಯರ ಬಾಯಲ್ಲಿ ಇವತ್ತಿನ ಅಮೆರಿಕನ್ ಬೈಗುಳ ಹಾಕಿದರು. ನಟರು ಸಂಭಾಷಣೆಯನ್ನು ಸ್ಥಳದಲ್ಲೇ ಕಟ್ಟಿದರು. ಚಿತ್ರೀಕರಣ ಮಾತ್ರ ಇಟಲಿಯಲ್ಲೇ. ಆಗಿನ ಬಟ್ಟೆ, ಈಗಿನ ಬಾಯಿ ಅನ್ನುವುದೇ ಅಲ್ಲಿ ಚೌಕಟ್ಟಿನ ಕೆಲಸ ಮಾಡುತ್ತದೆ. ತಮಾಷೆಯಾಗಿದೆ. ಆದರೆ ಒಂದೇ ತಂತಿ ಮೀಟಿದ ಹಾಗೆ, ಅರ್ಧ ಚಿತ್ರದ ಮೇಲೆ ಅದೇ ಸ್ವರ.

ಪಸೋಲಿನಿ ಮಾಡಿದ್ದು ಬೇರೆ. ಹತ್ತು ಶ್ರೀಮಂತರನ್ನು ತೆಗೆದ, ಪ್ಲೇಗ್ ತೆಗೆದ, ಫ್ಲಾರೆನ್ಸನ್ನೇ ತೆಗೆದು ನೇಪಲ್ಸಿಗೆ ಬಂದ. ಮೊದಲರ್ಧದ ಉದ್ದಕ್ಕೂ ಚೆಪ್ಪೆರೆಲ್ಲೊ ಅನ್ನುವ ಕೇಡಿ ಬಂದು ಹೋಗುತ್ತಾನೆ. ಪುಸ್ತಕದ ಮೊದಲ ಕಥೆಯವನು ಅವನು. ಜೀವಮಾನವಿಡೀ ಪಾಪ ಮಾಡಿ, ಸಾಯುವಾಗ ಪಾದ್ರಿಗೆ ಸುಳ್ಳು ಹೇಳಿ ಸಂತನಾಗಿಬಿಡುತ್ತಾನೆ. ದ್ವಿತೀಯಾರ್ಧಕ್ಕೆ ಜೊತ್ತೊನ ಶಿಷ್ಯ, ಪಸೋಲಿನಿಯೇ ಆ ಪಾತ್ರದಲ್ಲಿ, ನೇಪಲ್ಸಿನ ಸಾಂತಾ ಕಿಯಾರಾ ಚರ್ಚಿಗೆ ಭಿತ್ತಿಚಿತ್ರ ಬರೆಯಲು ಬರುತ್ತಾನೆ. ಸಂತೆಯಲ್ಲಿ ಜನರ ಮುಖ ನೋಡುತ್ತಾನೆ, ಅವರೇ ಗೋಡೆಯ ಮೇಲೆ ಬರುತ್ತಾರೆ. ಒಬ್ಬ ಸುಳ್ಳಿನ ಕಲಾವಿದ, ಇನ್ನೊಬ್ಬ ಬಣ್ಣದ ಕಲಾವಿದ. ಕಥೆಗಳನ್ನು ಯಾರು ಹೇಳುತ್ತಿದ್ದಾರೆ ಅನ್ನುವುದಕ್ಕೆ ಪಸೋಲಿನಿಯ ಉತ್ತರ ಇದು. (ನಿಜವಾದ ಜೊತ್ತೊ ಕೂಡ ರಾಜ ರಾಬರ್ಟನ ಕಾಲದಲ್ಲಿ ನೇಪಲ್ಸಿಗೆ ಹೋಗಿ ಕೆಲಸ ಮಾಡಿದ್ದ. ಬೊಕಾಚೊ ಯೌವನ ಕಳೆದದ್ದೂ ಅದೇ ಊರಲ್ಲಿ. ಪಸೋಲಿನಿಯ ಆಯ್ಕೆ ಸುಮ್ನೆ ಬಂದದ್ದಲ್ಲ.)

ನಿಮ್ಮ ಚಿತ್ರಕ್ಕೆ ಚೌಕಟ್ಟು ಹುಡುಕುವಾಗ ಒಂದು ಪರೀಕ್ಷೆ ಮಾಡಿ. ಚೌಕಟ್ಟಿನ ದೃಶ್ಯಗಳನ್ನಷ್ಟೇ ಜೋಡಿಸಿ ಓದಿ. ಅದೇ ಒಂದು ಚಿಕ್ಕ ಕಥೆ ಆಗುತ್ತದೆಯೇ? ಅದರಲ್ಲಿ ಯಾರಿಗಾದರೂ ಏನಾದರೂ ಕಳೆದುಹೋಗುವ ಭಯ ಇದೆಯೇ? ಎರಡಕ್ಕೂ ಇಲ್ಲ ಅನ್ನುವ ಉತ್ತರ ಬಂದರೆ ಅದು ಚೌಕಟ್ಟಲ್ಲ, ನಿರೂಪಣೆ ಅಷ್ಟೆ.

4. ಒಂದು ಕಥೆಯನ್ನು ಬಿಡಿಸುವುದು: ಪೆರೊನೆಲ್ಲಾ

ಏಳನೇ ದಿನದ ಎರಡನೇ ಕಥೆ. ಬೊಕಾಚೊ ಇದನ್ನು ಅಪುಲೆಯಸ್‌ನ ಹಳೆಯ ಲ್ಯಾಟಿನ್ ಕೃತಿಯಿಂದ ಎತ್ತಿಕೊಂಡ, ಅಂದರೆ ಅವನೂ ಅಡಾಪ್ಟೇಷನ್ ಮಾಡಿದವನೇ.

ನೇಪಲ್ಸಿನ ಒಂದು ಓಣಿ. ಗಂಡ ಗಾರೆ ಕೆಲಸದವನು, ಹೆಂಡತಿ ನೂಲು ತೆಗೆಯುವವಳು. ಬಡವರು. ಗಂಡ ಕೆಲಸಕ್ಕೆ ಹೋದ ಮೇಲೆ ಪ್ರಿಯಕರ ಜನ್ನೆಲ್ಲೊ ಬರುತ್ತಾನೆ. ಒಂದು ದಿನ ಹಬ್ಬದ ರಜ ಅಂತ ಗಂಡ ಬೇಗ ವಾಪಸ್. ಬಾಗಿಲು ಒಳಗಿನಿಂದ ಹಾಕಿದೆ. ಎಂಥ ಪತಿವ್ರತೆ ಸಿಕ್ಕಿದ್ದಾಳೆ ಅಂತ ಹೊರಗೆ ನಿಂತು ದೇವರಿಗೆ ಕೈ ಮುಗಿಯುತ್ತಾನೆ. ಒಳಗೆ ಜನ್ನೆಲ್ಲೊ ಗುಡಾಣಕ್ಕೆ ಇಳಿಯುತ್ತಾನೆ. ಬಾಗಿಲು ತೆಗೆದವಳೇ ಪೆರೊನೆಲ್ಲಾ ಗಂಡನಿಗೆ ಜಾಡಿಸುತ್ತಾಳೆ: ಕೆಲಸ ಬಿಟ್ಟು ಬಂದೆಯಲ್ಲ, ಊಟಕ್ಕೇನು ಮಾಡೋಣ? ಅವನು ಹೇಳುತ್ತಾನೆ, ಗುಡಾಣವನ್ನು ಐದು ನಾಣ್ಯಕ್ಕೆ ಮಾರಿದ್ದೇನೆ, ಗಿರಾಕಿ ಜೊತೆಗೇ ಬಂದಿದ್ದಾನೆ. ಅವಳು ಕ್ಷಣವೂ ತಡೆಯದೆ, ನಾನು ಏಳಕ್ಕೆ ಮಾರಿದ್ದೇನೆ, ಅವನು ಒಳಗಿಳಿದು ಪರೀಕ್ಷೆ ಮಾಡುತ್ತಿದ್ದಾನೆ ಅನ್ನುತ್ತಾಳೆ. ಜನ್ನೆಲ್ಲೊ ತಲೆ ಹೊರಹಾಕಿ, ಒಳಗೆ ಏನೋ ಗಟ್ಟಿ ಗಸಿ ಅಂಟಿದೆ, ಉಜ್ಜಿ ಕೊಟ್ಟರೆ ತಗೊಳ್ತೀನಿ ಅನ್ನುತ್ತಾನೆ. ಗಂಡ ಮೇಣದಬತ್ತಿ, ಕೆರೆಯುವ ಸಾಮಾನು ಹಿಡಿದು ಒಳಗಿಳಿಯುತ್ತಾನೆ. ಅವಳು ಗುಡಾಣದ ಬಾಯಿಗೆ ತಲೆ, ಭುಜ ತೂರಿಸಿ ಇಲ್ಲಿ ಕೆರಿ, ಅಲ್ಲಿ ಕೆರಿ, ಅಲ್ಲೂ ಸ್ವಲ್ಪ ಅನ್ನುತ್ತಾ ನಿಲ್ಲುತ್ತಾಳೆ. ಹಿಂದೆ ಜನ್ನೆಲ್ಲೊ. ಕೊನೆಗೆ ಏಳು ನಾಣ್ಯ ಕೊಟ್ಟು, ಗುಡಾಣವನ್ನು ಗಂಡನ ಕೈಯಲ್ಲೇ ತನ್ನ ಮನೆಗೆ ಹೊರಿಸಿಕೊಂಡು ಹೋಗುತ್ತಾನೆ.

ಈಗ ಕೆಲಸ. ಈ ಕಥೆಯ ಎಂಜಿನ್ ಕಾಮ ಅಲ್ಲ, ಬೆಲೆ. ಐದು, ಏಳು. ಆ ಎರಡು ನಾಣ್ಯದ ಲಾಭ ಇಲ್ಲದಿದ್ದರೆ ಗಂಡ ಇಷ್ಟು ಖುಷಿಯಿಂದ ಒಳಗಿಳಿಯುತ್ತಿರಲಿಲ್ಲ. ಹಾಗಾಗಿ ಮೊದಲ ಶಾಟ್‌ನಲ್ಲೇ ಬಡತನ ಕಾಣಬೇಕು. ಖಾಲಿ ಒಲೆ, ನೂಲಿನ ಉಂಡೆ, ತೇಪೆ ಹಾಕಿದ ಬಟ್ಟೆ. ಹಾಸಿಗೆಯಿಂದ ಶುರು ಮಾಡಿದರೆ ಪೋಲಿ ಕಥೆ, ಒಲೆಯಿಂದ ಶುರು ಮಾಡಿದರೆ ಪೆರೊನೆಲ್ಲಾಳ ಕಥೆ.

ಎರಡನೆಯದು ಜಾಗ. ಬಾಗಿಲು, ಗುಡಾಣ, ಇವೆರಡರ ನಡುವೆ ನಾಲ್ಕು ಹೆಜ್ಜೆ. ಇಷ್ಟೇ ಸೆಟ್. ಪ್ರೇಕ್ಷಕನಿಗೆ ಈ ನಕ್ಷೆ ಮೊದಲ ನಿಮಿಷದಲ್ಲೇ ಮನದಟ್ಟಾಗಬೇಕು, ಆಮೇಲೆ ವಿವರಿಸಲು ಸಮಯ ಇರುವುದಿಲ್ಲ. ಗುಡಾಣ ನಿಜವಾಗಿ ಆಳು ಹಿಡಿಸುವಷ್ಟು ದೊಡ್ಡದಿರಲಿ. ಇದು ಜಾದೂ ಅಲ್ಲ, ಮೋಸದ ಶಾಟ್ ಹಾಕಿದರೆ ನಗು ಸತ್ತುಹೋಗುತ್ತದೆ.

ಮೂರನೆಯದು, ಆ ಕೊನೆಯ ಸನ್ನಿವೇಶದಲ್ಲಿ ಕ್ಯಾಮೆರಾ ಎಲ್ಲಿ? ಹೊಸಬರು ಜನ್ನೆಲ್ಲೊ ಹತ್ತಿರ ಇಡುತ್ತಾರೆ. ನಾನಾದರೆ ಮೂವರೂ ಒಂದೇ ಚೌಕದಲ್ಲಿ ಬರುವ ಅಗಲದ ಶಾಟ್ ಹಾಕಿ, ಕದಲಿಸದೆ ಬಿಡುತ್ತೇನೆ. ನಡುವೆ ಒಮ್ಮೆ ಮಾತ್ರ ಗುಡಾಣದ ಒಳಗೆ ಹೋಗುತ್ತೇನೆ: ಬತ್ತಿಯ ಬೆಳಕು, ಬೆವರುತ್ತಾ ಕೆರೆಯುವ ಗಂಡ, ಮೇಲೆ ಬಾಯಿ ತುಂಬಾ ಹೆಂಡತಿಯ ಮುಖ. ಅವಳ ಮಾತು ಅವನಿಗೆ ಕೆಲಸದ ಸೂಚನೆ, ನಮಗೆ ಬೇರೆ. ಇದನ್ನು ಮೂರು ಸಲ ತೋರಿಸಿದರೆ ಹಾಳು, ಒಂದೇ ಸಲ.

ನಾಲ್ಕನೆಯದು, ಗಂಡನನ್ನು ಪೆದ್ದ ಮಾಡಬೇಡಿ. ಅವನು ನಂಬುವವನು, ದುಡಿಯುವವನು. ಅವನ ಮೇಲೆ ಪ್ರೇಕ್ಷಕನಿಗೆ ಸ್ವಲ್ಪ ಪ್ರೀತಿ ಇದ್ದರೆ ನಗುವಿಗೆ ಒಂಚೂರು ಕಹಿ ಸೇರುತ್ತದೆ. ಆ ಕಹಿ ಬೇಕು.

5. ಭಾಷೆ, ಊರು, ಮುಖ

ಬೊಕಾಚೊನ ವಾಕ್ಯ ಉದ್ದ. ಅವನ್ನು ಹಾಗೇ ನಟರ ಬಾಯಿಗೆ ತುರುಕಬೇಡಿ. ಪಸೋಲಿನಿ ತಸ್ಕನಿಯ (ಫ್ಲಾರೆನ್ಸ್ ಇರುವ ಸೀಮೆಯ) ಭಾಷೆಯನ್ನು ಬಿಟ್ಟು ನೇಪಲ್ಸಿನ ಆಡುಮಾತು ಹಿಡಿದ. ಚಿತ್ರದಲ್ಲಿ ಒಂದು ಚಿಕ್ಕ ದೃಶ್ಯ ಇದೆ: ಬೀದಿಯಲ್ಲಿ ಮುದುಕ ಪುಸ್ತಕ ಹಿಡಿದು ಅಬ್ಬೆಸ್‌ನ ಚಡ್ಡಿಯ ಕಥೆ ಓದಲು ಶುರು ಮಾಡುತ್ತಾನೆ. ಆಮೇಲೆ ಪುಸ್ತಕ ಬಿಟ್ಟು ನೇಪಲ್ಸಿನವರ ಮಾತಲ್ಲಿ ಹೇಳುತ್ತಾನೆ. ಇಡೀ ಚಿತ್ರದ ವಿಧಾನವೇ ಅದು. ನೀವು ಕನ್ನಡದಲ್ಲಿ ಮಾಡುವವರಾದರೆ ಧಾರವಾಡವೋ ಮಂಡ್ಯವೋ, ಒಂದು ಸೀಮೆಯ ಮಾತು ಹಿಡಿಯಿರಿ. ಪುಸ್ತಕದ ಕನ್ನಡದಲ್ಲಿ ಪೋಲಿ ಮಾತು ಬಂದರೆ ವೈದ್ಯರ ವರದಿ ಓದಿದ ಹಾಗಿರುತ್ತದೆ.

ಮುಖಗಳ ವಿಷಯ ಚಿಕ್ಕದು. ಸಿನಿಮಾ ಮುಖ ಬೇಡ. ಪಸೋಲಿನಿ ನೇಪಲ್ಸಿನ ಬೀದಿಯಿಂದ ಜನರನ್ನು ತಂದ. ಉದುರಿದ ಹಲ್ಲು, ಬಿಸಿಲಿಗೆ ಕಂದಿದ ಚರ್ಮ ಇದ್ದರೆ ಮಧ್ಯಯುಗಕ್ಕೆ ಅರ್ಧ ಸೆಟ್ ಹಾಕಿದಂತೆ.

ಬಟ್ಟೆ, ಬಣ್ಣಕ್ಕೆ ಪುಸ್ತಕದಂಗಡಿಯ ವೇಷಭೂಷಣ ಕೋಶ ಬಿಟ್ಟು ಅದೇ ಕಾಲದ ಗೋಡೆ ನೋಡಿ. ಪಾದುವಾದ ಸ್ಕ್ರೊವೆಞಿ ಪ್ರಾರ್ಥನಾಮಂದಿರದಲ್ಲಿ ಜೊತ್ತೊ ಬರೆದ ‘ಕೊನೆಯ ತೀರ್ಪು’ ಇದೆ. ಪಸೋಲಿನಿ ಅದನ್ನೇ ಜೀವಂತ ಜನರಿಂದ ಕಟ್ಟಿ, ನಡುವೆ ನಟಿ ಸಿಲ್ವಾನಾ ಮಂಗಾನೊಳನ್ನು ಮರಿಯಮ್ಮನಾಗಿ ಕೂರಿಸಿದ. ಸಿಯೆನಾದಲ್ಲಿ ಅಂಬ್ರೊಜೊ ಲೊರೆಂಜೆತ್ತಿ 1338-39ರಲ್ಲಿ ಬರೆದ ಒಳ್ಳೆಯ ಆಡಳಿತದ ಚಿತ್ರದಲ್ಲಿ ಅಂಗಡಿ, ಗಾರೆ ಕೆಲಸದವರು, ಹೊಲ ಎಲ್ಲ ಸಿಗುತ್ತದೆ. ಪೆರೊನೆಲ್ಲಾಳ ಗಂಡನ ಬಟ್ಟೆ ಅಲ್ಲೇ ಇದೆ ಅನ್ನಿ. ಪೀಸಾದ ‘ಸಾವಿನ ವಿಜಯ’ ಭಿತ್ತಿಚಿತ್ರವನ್ನು ಬುಫಲ್‌ಮಾಕೊ ಬರೆದದ್ದು ಅನ್ನುತ್ತಾರೆ. ಮಜಾ ಏನು ಗೊತ್ತಾ? ಈ ಬುಫಲ್‌ಮಾಕೊ ಡೆಕಮೆರಾನ್‌ನಲ್ಲೇ ಪಾತ್ರವಾಗಿ ಬಂದು ಕಲಾಂದ್ರಿನೊ ಅನ್ನುವ ಪೆದ್ದನನ್ನು ಗೋಳು ಹೊಯ್ದುಕೊಳ್ಳುತ್ತಾನೆ.

6. ಬೆತ್ತಲೆ

ಪಸೋಲಿನಿಯ ಚಿತ್ರದಲ್ಲಿ ಬೆತ್ತಲೆ ದೇಹ ಹಗಲು ಬೆಳಕಲ್ಲಿ, ಮಂದ ಸಂಗೀತ ಇಲ್ಲದೆ ಇರುತ್ತದೆ. ಕದ್ದು ನೋಡಿದ ಹಾಗಿರುವುದಿಲ್ಲ. ನಟರು ನಗುತ್ತಿರುತ್ತಾರೆ. ಪ್ರೇಕ್ಷಕನಿಗೆ ಮುಜುಗರ ಬಿಟ್ಟುಹೋಗುವುದು ಅದರಿಂದ.

ಆದರೆ 1970ರ ರೀತಿ ಈಗ ನಡೆಯಲ್ಲ, ನಡೆಯಲೂಬಾರದು. ಇಂಥ ದೃಶ್ಯಗಳಲ್ಲಿ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವ ಇಂಟಿಮಸಿ ಕೋಆರ್ಡಿನೇಟರ್ ಇಟ್ಟುಕೊಳ್ಳಿ. ಏನು ತೋರಿಸುತ್ತೇವೆ, ಎಷ್ಟು, ಯಾವ ಶಾಟ್ ಅನ್ನುವುದನ್ನು ಬರವಣಿಗೆಯಲ್ಲಿ ಒಪ್ಪಿಕೊಂಡು ಸಹಿ ಹಾಕಿಸಿ. ಅಂದು ಸೆಟ್‌ನಲ್ಲಿ ಬೇಕಾದವರಷ್ಟೇ ಇರಲಿ, ಮೊಬೈಲ್ ಹೊರಗೆ. ಬಳಸದ ತುಣುಕನ್ನು ಏನು ಮಾಡುತ್ತೀರಿ ಅನ್ನುವುದೂ ಒಪ್ಪಂದದಲ್ಲಿ ಇರಲಿ. ಬೀದಿಯಿಂದ ಕರೆತಂದ ಹೊಸಬರಿಗಂತೂ ಇದು ಇನ್ನೂ ಮುಖ್ಯ. ಅವರಿಗೆ ಇಲ್ಲ ಅನ್ನುವ ಅಭ್ಯಾಸ ಇರುವುದಿಲ್ಲ.

ಕೆಲವು ಕಥೆ ಇವತ್ತು ಹಾಗೇ ನಗಿಸುವುದಿಲ್ಲ. ಒಂಬತ್ತನೇ ದಿನದ ಹತ್ತನೇ ಕಥೆಯಲ್ಲಿ, ಹೆಂಡತಿಯನ್ನು ಹೆಣ್ಣುಕುದುರೆ ಮಾಡಿಕೊಡುತ್ತೇನೆ ಅಂತ ಪಾದ್ರಿ ಬಡ ದಂಪತಿಗೆ ಮೋಸ ಮಾಡುತ್ತಾನೆ. ಎಂಟನೇ ದಿನದ ಏಳರಲ್ಲಿ ಒಬ್ಬ ಪಂಡಿತ ಹೆಂಗಸಿನ ಮೇಲೆ ಸೇಡು ತೀರಿಸಿಕೊಳ್ಳುವ ಕ್ರೌರ್ಯ ಪುಟಗಟ್ಟಲೆ ಇದೆ. ಇವನ್ನು ತೊಳೆದು ಒಳ್ಳೆಯದು ಮಾಡಲು ಹೋಗಬೇಡಿ. ತೆಗೆದುಕೊಳ್ಳುವುದಾದರೆ ಕ್ಯಾಮೆರಾವನ್ನು ಮೋಸ ಹೋದವಳ ಕಡೆ ತಿರುಗಿಸಿ, ಇಲ್ಲವೇ ಬಿಡಿ.

7. ಸೆನ್ಸಾರ್

ಈ ಕಥೆಗಳಿಗೆ ಕತ್ತರಿ ಹೊಸದಲ್ಲ. 1559ರಲ್ಲಿ ಚರ್ಚು ಪುಸ್ತಕವನ್ನು ನಿಷೇಧದ ಪಟ್ಟಿಗೆ ಹಾಕಿತು. 1573ರಲ್ಲಿ ಫ್ಲಾರೆನ್ಸಿನಲ್ಲಿ ತಿದ್ದಿದ ಆವೃತ್ತಿ ಬಂತು. ತಿದ್ದಿದವರು ಕಥೆಯ ಸರಸವನ್ನು ಎಷ್ಟೋ ಕಡೆ ಹಾಗೇ ಬಿಟ್ಟು, ಪಾದ್ರಿ, ಸನ್ಯಾಸಿನಿಯರನ್ನು ಮಾತ್ರ ಸಾಮಾನ್ಯ ಜನರನ್ನಾಗಿ ಮಾಡಿದರು. ಅವರಿಗೆ ಹಾಸಿಗೆಗಿಂತ ಹಾಸಿಗೆಯಲ್ಲಿ ಯಾರಿದ್ದಾರೆ ಅನ್ನುವುದೇ ತಲೆಬಿಸಿ. ಪಸೋಲಿನಿಯ ಚಿತ್ರ 1971ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಗೆದ್ದಿತು, ಇಟಲಿಯಲ್ಲಿ ಅದರ ಮೇಲೆ ಅಶ್ಲೀಲತೆಯ ದೂರುಗಳೂ ಬಿದ್ದವು.

ಇಲ್ಲಿ ಥಿಯೇಟರ್‌ಗೆ ತರುವವರು ‘ಎ’ ಪ್ರಮಾಣಪತ್ರ ಅಂದುಕೊಂಡೇ ಬಜೆಟ್ ಹಾಕಿ. ಟಿವಿ ಹಕ್ಕಿನ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಷ್ಟ ಬರುವುದು ಬಹುಶಃ ಬೆತ್ತಲೆಗಿಂತ ಧರ್ಮದ ಕಡೆಯಿಂದ. ಆಯಾ ದೃಶ್ಯ ಮೂಲದ ಎಷ್ಟನೇ ದಿನದ ಎಷ್ಟನೇ ಕಥೆಯದು ಅನ್ನುವ ಪಟ್ಟಿ ಕೈಯಲ್ಲಿರಲಿ.

8. ಎಡಿಟಿಂಗ್

ಪಸೋಲಿನಿಯ ಚಿತ್ರ ಎರಡು ತಾಸಿಗೂ ಕಡಿಮೆ. ಅಷ್ಟರಲ್ಲಿ ಹತ್ತಿರ ಹತ್ತಿರ ಹತ್ತು ಕಥೆ. ಕಥೆ ಮುಗಿದ ತಕ್ಷಣ ಮುಂದಿನದ್ದು, ಹೆಸರಿನ ಫಲಕವೂ ಇಲ್ಲ. ಈ ವೇಗ ನಿಮಗೂ ಬೇಕು. ನಕ್ಕು ಮುಗಿಯುವ ಮೊದಲೇ ಕತ್ತರಿಸಿ.

ಕ್ರಮ ಗೊತ್ತಾಗದಿದ್ದರೆ ಕಥೆಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ದುರಂತ ಕಥೆಯನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟು ನೋಡಿ. ಮುಕ್ಕಾಲು ಚಿತ್ರ ಆದ ಮೇಲೆ ಇಟ್ಟರೆ ಜನ ನಗಲು ಮತ್ತೆ ಸಿದ್ಧರಾಗುವುದಿಲ್ಲ. ಮೊದಲೇ ಇಟ್ಟರೆ ಯಾವ ಚಿತ್ರಕ್ಕೆ ಬಂದಿದ್ದೇವೆ ಅಂತ ಗೊಂದಲ. ಅದರ ನಂತರ ಕನಿಷ್ಠ ಎರಡು ನಗುವ ಕಥೆ ಇರಲಿ.

ಯಾವ ಕಥೆ ಬೀಳಬೇಕು ಅನ್ನುವುದನ್ನು ಆದಷ್ಟು ಸ್ಕ್ರಿಪ್ಟ್ ಹಂತದಲ್ಲೇ ತೀರ್ಮಾನಿಸಿ. ಪಸೋಲಿನಿ ಅಲಿಬೆಕ್‌ಳ ಕಥೆಗಾಗಿ, ಅಂದರೆ ರಿಗ್ ಅನುವಾದಿಸದೆ ಬಿಟ್ಟ ಅದೇ ಮೂರನೇ ದಿನದ ಹತ್ತನೇ ಕಥೆಗಾಗಿ, ಇಡೀ ತಂಡ ಕಟ್ಟಿಕೊಂಡು ಯೆಮೆನ್‌ವರೆಗೆ ಹೋಗಿ ಚಿತ್ರೀಕರಿಸಿದ. ಆಮೇಲೆ ಆ ಕಥೆಯನ್ನೇ ಚಿತ್ರದಿಂದ ತೆಗೆದ. ಅಲ್ಲಿ ಇದ್ದಾಗಲೇ ಸನಾ ನಗರದ ಹಳೆಯ ಗೋಡೆಗಳನ್ನು ಉಳಿಸಿ ಅಂತ ಯುನೆಸ್ಕೊಗೆ ಮನವಿ ಮಾಡುವ ಕಿರುಚಿತ್ರವೊಂದನ್ನೂ ತೆಗೆದಿದ್ದರಿಂದ ಪ್ರಯಾಣ ಪೂರ್ತಿ ದಂಡವಾಗಲಿಲ್ಲ. ನಿಮ್ಮ ನಿರ್ಮಾಪಕರು ಅಷ್ಟು ತಾಳ್ಮೆಯವರೇ ಅಂತ ಮೊದಲೇ ಕೇಳಿಕೊಳ್ಳಿ.